ಓಯಿವಾಳನ್ನು ಬಿಟ್ಟು ಚೂಶಿಂಗುರಾ ಇಲ್ಲ

ಜಪಾನಿನ ಜನಪ್ರಿಯ ರಂಗಭೂಮಿಯ ಮೇಲೆ ಒಂದು ತೀರ್ಪು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಬೊಂಬೆಯಾಟ, ಕಬುಕಿ, ಕಥಾವಾಚನ ಎಲ್ಲವೂ ಸೇರಿ ಎರಡೂವರೆ ಶತಮಾನ ಆ ಜನಕ್ಕೆ ಒಡೆಯನಿಗಾಗಿ ಸಾಯುವ ಪಾಠವೊಂದನ್ನೇ ಹೇಳಿದವಂತೆ. ಆ ಪಾಠ ಕಲಿತ ಹುಡುಗರೇ 1945ರಲ್ಲಿ ವಿಮಾನ ಹತ್ತಿ ಶತ್ರುವಿನ ಹಡಗುಗಳಿಗೆ ಅಪ್ಪಳಿಸಿದರಂತೆ. ಸಾಕ್ಷಿ ಕೇಳಿದರೆ ಒಡೆಯನಿಗಾಗಿ ಸೇಡು ತೀರಿಸಿಕೊಂಡ ನಲವತ್ತೇಳು ಮಂದಿಯ ನಾಟಕ ಚೂಶಿಂಗುರಾವನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನಾಡಳಿತ ಈ ತೀರ್ಪನ್ನು ಹುಕುಮಿನ ರೂಪದಲ್ಲೇ ಜಾರಿ ಮಾಡಿತು. ಊಳಿಗಮಾನ್ಯ ನಿಷ್ಠೆಯನ್ನು ಸಾರುತ್ತದೆಂದು ಆ ನಾಟಕವನ್ನು ತಡೆಹಿಡಿದು, 1947ರ ನವೆಂಬರಿನಲ್ಲಷ್ಟೇ ಮತ್ತೆ ರಂಗಕ್ಕೆ ಬಿಟ್ಟಿತು. ಇನ್ನೊಂದು ಕಡೆ ಇದೇ ನಾಟಕವನ್ನು ಜಪಾನಿನ ಆತ್ಮವೆಂದು ಕೈಮುಗಿಯುವವರಿದ್ದಾರೆ. ಒಬ್ಬರು ಬೈಯುತ್ತಾರೆ, ಒಬ್ಬರು ಹೊಗಳುತ್ತಾರೆ; ನಾಟಕದೊಳಗೆ ಏನಿದೆ ಎಂಬ ಬಗ್ಗೆ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನನ್ನ ಜಗಳವಿರುವುದು ಅಲ್ಲಿ. ಈ ಎರಡೂ ಪಕ್ಷದವರು ನಾಟಕವನ್ನು ನೋಡಿಲ್ಲ, ಅದರ ಸಾರಾಂಶವನ್ನು ಓದಿದ್ದಾರೆ.

ನಾಟಕದ ಹಿಂದಿನ ಘಟನೆ ಗೊತ್ತಿರುವುದೇ. 1701ರಲ್ಲಿ ಅಕೋ ಸಂಸ್ಥಾನದ ಒಡೆಯ ಅಸಾನೊ ನಾಗಾನೊರಿ ಇಂದಿನ ಟೋಕಿಯೋ ಆಗಿರುವ ಎದೋದ ಕೋಟೆಯ ಮೊಗಸಾಲೆಯಲ್ಲಿ ಕಿರಾ ಎಂಬ ಹಿರಿಯ ಅಧಿಕಾರಿಯ ಮೇಲೆ ಕತ್ತಿ ಎತ್ತಿದ. ದೇಶವಾಳುತ್ತಿದ್ದ ಶೋಗುನ್ ತ್ಸುನಾಯೊಶಿ ಅದೇ ದಿನ ಅವನಿಗೆ ಸೆಪ್ಪುಕು, ಅಂದರೆ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆ, ವಿಧಿಸಿದ. ಐವತ್ತು ಸಾವಿರ ಕೊಕು ಅಕ್ಕಿಯ ಹುಟ್ಟುವಳಿಯ ಸಂಸ್ಥಾನ ಜಪ್ತಿಯಾಯಿತು. ಕಿರಾನಿಗೆ ಶಿಕ್ಷೆಯಾಗಲಿಲ್ಲ. ರೋನಿನ್‌ಗಳಾಗಿ, ಅಂದರೆ ಒಡೆಯನಿಲ್ಲದ ಸಮುರಾಯ್‌ಗಳಾಗಿ, ದಿಕ್ಕೆಟ್ಟ ಪರಿವಾರದಲ್ಲಿ ನಲವತ್ತೇಳು ಮಂದಿ, ದಿವಾನ ಓಯಿಶಿ ಕುರಾನೊಸುಕೆಯ ಮುಂದಾಳುತನದಲ್ಲಿ, 1703ರ ಜನವರಿಯ ಕೊನೆಯಲ್ಲಿ ಕಿರಾನ ಮನೆಗೆ ನುಗ್ಗಿ ಅವನ ತಲೆ ಕಡಿದು, ಸೆಂಗಾಕುಜಿ ದೇವಾಲಯದಲ್ಲಿ ಒಡೆಯನ ಸಮಾಧಿಯ ಮುಂದಿಟ್ಟರು. ಮಾರ್ಚಿನಲ್ಲಿ ನಲವತ್ತಾರು ಮಂದಿ ಹೊಟ್ಟೆ ಸೀಳಿಕೊಂಡರು. ತೆರಾಸಾಕಾ ಎಂಬ ಕಾಲಾಳು ಆ ಸಾಲಿನಲ್ಲಿ ಇರಲಿಲ್ಲ. ಯಾಕಿರಲಿಲ್ಲ ಎಂಬ ವಾದ ಇವತ್ತಿಗೂ ನಿಂತಿಲ್ಲ. ಅಸಾನೊ ಕತ್ತಿ ಎತ್ತಿದ್ದೇಕೆ ಎಂಬುದಂತೂ ಯಾವ ದಾಖಲೆಯಲ್ಲೂ ಇಲ್ಲ. ಕಿರಾ ಲಂಚ ಕೇಳಿದ, ಅಸಾನೊ ಕೊಡಲಿಲ್ಲ, ಅದಕ್ಕೇ ಅವಮಾನ ಮಾಡಿದ ಎಂಬುದೆಲ್ಲ ಆಮೇಲೆ ಬೆಳೆದ ಕತೆ.

ಇತಿಹಾಸಕಾರರು ಇಲ್ಲಿ ದೂರು ಶುರು ಮಾಡುತ್ತಾರೆ. ರಂಗಭೂಮಿ ಇತಿಹಾಸವನ್ನು ಕೆಡಿಸಿತು ಎನ್ನುತ್ತಾರೆ. ಕೆಡಿಸಿದ್ದು ನಿಜ. ದಾಳಿಯ ರಾತ್ರಿ ಹಿಮ ಸುರಿಯುತ್ತಿರಲಿಲ್ಲ, ಮೊದಲೇ ಬಿದ್ದದ್ದು ನೆಲದ ಮೇಲಿತ್ತು; ರಂಗದ ಮೇಲೆ ಅದು ಸುರಿಯದೆ ದಾಳಿಯೇ ನಡೆಯುವುದಿಲ್ಲ. ಕಿರಾನನ್ನು ಅವನ ಸ್ವಂತ ಜಹಗೀರಿನ ಜನ ಹೊಳೆಗೆ ಒಡ್ಡು ಕಟ್ಟಿಸಿದ ಒಳ್ಳೆಯ ದೊರೆಯೆಂದು ನೆನೆಯುತ್ತಾರೆ; ನಾಟಕ ಅವನನ್ನು ಪರಸ್ತ್ರೀಯ ಮೇಲೆ ಕಣ್ಣು ಹಾಕುವ ನೀಚನನ್ನಾಗಿ ಮಾಡಿತು. ಇವೆಲ್ಲ ಒಪ್ಪಿದೆ. ಆದರೆ ದಂತಕಥೆ ಇತಿಹಾಸದ ಬೆನ್ನಿಗೆ ಬರುವಂಥದ್ದು ಎಂಬ ಎಣಿಕೆಯೇ ಜಪಾನಿನ ವಿಷಯದಲ್ಲಿ ನಿಲ್ಲುವುದಿಲ್ಲ. 1863ರಲ್ಲಿ ಕ್ಯೋಟೊದಲ್ಲಿ ಶಿನ್‌ಸೆನ್‌ಗುಮಿ ಎಂಬ ಕತ್ತಿಪಡೆ ಹುಟ್ಟಿದಾಗ ಅದರ ಯುವಕರು ತಮ್ಮ ಮೇಲಂಗಿಯ ಅಂಚಿಗೆ ಗರಗಸದ ಹಲ್ಲಿನ ವಿನ್ಯಾಸವನ್ನು ಆರಿಸಿಕೊಂಡರು. ಅದು ಅವರಿಗೆ ಸಿಕ್ಕಿದ್ದು ಚೂಶಿಂಗುರಾದ ನಟರ ಮೈಮೇಲೆ. ನಿಜವಾದ ರೋನಿನ್‌ಗಳು ಅಂಥ ಸಮವಸ್ತ್ರ ತೊಟ್ಟು ಹೋಗಿರಲಿಲ್ಲ. ಐದು ವರ್ಷದ ನಂತರ, 1868ರಲ್ಲಿ, ಮೈಜಿ ಚಕ್ರವರ್ತಿ ಎದೋಗೆ ಬಂದವನೇ ಸೆಂಗಾಕುಜಿಗೆ ದೂತನನ್ನು ಕಳಿಸಿ ಓಯಿಶಿಯನ್ನು ಹೊಗಳುವ ಸಂದೇಶ ಓದಿಸಿದ. ಶೋಗುನನ ಕಾನೂನು ಕೊಂದವರನ್ನು ಹೊಸ ಪ್ರಭುತ್ವ ತನ್ನ ಮೊದಲ ವರ್ಷದಲ್ಲೇ ತನ್ನವರೆಂದು ಸಾರಿತು. ನೂರಿಪ್ಪತ್ತು ವರ್ಷ ಬೊಂಬೆಗಳೂ ನಟರೂ ಆ ಹೆಸರನ್ನು ಊರೂರಿನ ನಾಲಗೆಯ ಮೇಲೆ ಇಟ್ಟಿರದಿದ್ದರೆ ಆ ದೂತ ಅಲ್ಲಿಗೆ ಹೋಗಲು ಕಾರಣವೇ ಇರಲಿಲ್ಲ.

ಹಾಗಾದರೆ ರಂಗಭೂಮಿ ಇತಿಹಾಸವನ್ನು ಕಟ್ಟಿತು, ಅದರಲ್ಲಿ ಅನುಮಾನವಿಲ್ಲ. ಏನನ್ನು ಹೇಳಿ ಕಟ್ಟಿತು ಎಂಬುದಷ್ಟೇ ಪ್ರಶ್ನೆ.

ಸಮಕಾಲೀನ ಸಮುರಾಯ್ ಮನೆತನಗಳ ವಿಷಯ ಆಡಿ ತೋರಿಸುವುದಕ್ಕೆ ನಿಷೇಧವಿತ್ತು. ಹಾಗಾಗಿ ಕತೆಯನ್ನು ಹದಿನಾಲ್ಕನೆಯ ಶತಮಾನಕ್ಕೆ ಸಾಗಿಸಿದರು. ಅಸಾನೊ ಎನ್ಯಾ ಹಾಂಗಾನ್ ಆದ, ಕಿರಾ ಮೊರೊನಾವೊ ಆದ, ಓಯಿಶಿ ಯುರಾನೊಸುಕೆ ಆದ. ನಾಟಕಕಾರ ಚಿಕಾಮಾತ್ಸು ಮೊದಲು ಕೈಹಾಕಿದ. ಪೂರ್ಣರೂಪ ಬಂದದ್ದು 1748ರಲ್ಲಿ, ಒಸಾಕಾದ ತಾಕೆಮೊತೊ ಬೊಂಬೆಯಾಟದ ರಂಗಶಾಲೆಯಲ್ಲಿ, ಎರಡನೆಯ ತಾಕೆದಾ ಇಜುಮೊ, ಮಿಯೊಶಿ ಶೋರಾಕು, ನಾಮಿಕಿ ಸೋಸುಕೆ ಮೂವರೂ ಕೂಡಿ ಬರೆದ ಹನ್ನೊಂದು ಅಂಕಗಳಲ್ಲಿ. ಈ ಹನ್ನೊಂದರಲ್ಲಿ ದಾಳಿ ಇರುವುದು ಕೊನೆಯದರಲ್ಲಿ ಮಾತ್ರ. ಅದು ಎಲ್ಲಕ್ಕಿಂತ ಸಪ್ಪೆ ಅಂಕ. ಐದು, ಆರು, ಏಳರಲ್ಲಿ ನಾಟಕದ ಜೀವವಿದೆ. ಅಲ್ಲಿ ರಂಗದ ಮೇಲಿರುವವರು ಬೇಟೆಗಾರನಾಗಿ ಹೊಟ್ಟೆ ಹೊರೆಯುವ ಕಾಂಪೆಯ್, ಅವನ ಹೆಂಡತಿ ಒಕಾರು, ಅವಳ ರೈತ ಅಪ್ಪ ಯೊಯಿಚಿಬೆಯ್, ಮುದುಕಿ ಅವ್ವ.

ಒಡೆಯ ಕತ್ತಿ ಎತ್ತಿದ ಗಳಿಗೆಯಲ್ಲಿ ಕಾಂಪೆಯ್ ಒಕಾರುವಿನ ಜೊತೆ ಕತ್ತಲಲ್ಲಿದ್ದ. ಆ ತಪ್ಪು ತೊಳೆದುಕೊಂಡು ಸೇಡಿನ ಕೂಟಕ್ಕೆ ಸೇರಲು ಅವನಿಗೆ ಹಣ ಬೇಕು. ಅವನಿಗೆ ತಿಳಿಸದೆ ಅತ್ತೆ ಮಾವ ಮಗಳನ್ನು ಕ್ಯೋಟೊದ ವೇಶ್ಯಾಗೃಹಕ್ಕೆ ನೂರು ರ್‍ಯೋಗೆ ಮಾರುತ್ತಾರೆ. ಅರ್ಧ ಮುಂಗಡ ಹಿಡಿದು ಬರುತ್ತಿದ್ದ ಮುದುಕನನ್ನು ದಾರಿಯಲ್ಲಿ ಸಾದಾಕುರೊ ಎಂಬ ದರೋಡೆಕೋರ ಕೊಲ್ಲುತ್ತಾನೆ. ಹಂದಿಯೆಂದು ತಿಳಿದು ಗುಂಡು ಹೊಡೆದ ಕಾಂಪೆಯ್‌ನಿಂದ ಸಾದಾಕುರೊ ಸಾಯುತ್ತಾನೆ. ಕತ್ತಲಲ್ಲಿ ಕೈಗೆ ಸಿಕ್ಕ ಚೀಲವನ್ನು ಕಾಂಪೆಯ್ ತೆಗೆದುಕೊಂಡು ಮನೆಗೆ ಬರುತ್ತಾನೆ. ಬೆಳಗಾದ ಮೇಲೆ ಮಾವನ ಹೆಣ ಬರುತ್ತದೆ. ತಾನೇ ಕೊಂದೆನೆಂದು ನಂಬಿ ಹೊಟ್ಟೆಗೆ ಕತ್ತಿ ಹಾಕಿಕೊಂಡ ಮೇಲೆ ಗೆಳೆಯರು ಹೆಣವನ್ನು ತಿರುಗಿಸಿ ನೋಡುತ್ತಾರೆ: ಅದು ಗುಂಡಿನ ಗಾಯವಲ್ಲ, ಕತ್ತಿಯದು. ಸಾಯುತ್ತಿರುವವನ ರಕ್ತದಿಂದಲೇ ಕೂಟದ ಪಟ್ಟಿಗೆ ರುಜು ಹಾಕಿಸಿಕೊಳ್ಳುತ್ತಾರೆ. ಹಣ ಸೇಡಿನ ದಂಡಿಗೆ ಹೋಗುತ್ತದೆ. ಗಂಡನನ್ನೂ ಅಳಿಯನನ್ನೂ ಕಳೆದುಕೊಂಡು, ಮಗಳನ್ನು ಮಾರಿಕೊಂಡ ಮುದುಕಿ ಮನೆಯಲ್ಲಿ ಉಳಿಯುತ್ತಾಳೆ. ಅಂಕದ ಕೊನೆಯಲ್ಲಿ ನಮ್ಮ ಕಣ್ಣಿಗೆ ಕಾಣುವುದು ಅವಳೇ.

ಇದನ್ನು ನಿಷ್ಠೆಯ ಪ್ರಚಾರ ಅನ್ನುವವರಿಗೆ ನನ್ನ ಪ್ರಶ್ನೆ ಸರಳವಾಗಿದೆ. ಪ್ರಚಾರ ಮಾಡುವವನು ಖರ್ಚನ್ನು ಇಷ್ಟು ವಿವರವಾಗಿ, ರ್‍ಯೋ ರ್‍ಯೋ ಲೆಕ್ಕದಲ್ಲಿ ತೋರಿಸುತ್ತಾನೆಯೇ? ಐವತ್ತು ಮುಂಗಡ, ಐವತ್ತು ಬಾಕಿ. ಒಸಾಕಾದ ಆ ಪ್ರೇಕ್ಷಕರು ವ್ಯಾಪಾರಿಗಳು. ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುವ ಕಣ್ಣು ಅವರದು. ಅತ್ತ ನಿಜವಾದ ಸಮುರಾಯ್ ಸಿದ್ಧಾಂತಿಗಳಿಗೆ ಈ ರೋನಿನ್‌ಗಳು ಅಷ್ಟೇನೂ ಹಿಡಿಸಿರಲಿಲ್ಲ. ಹಾಗಾಕುರೆ ಗ್ರಂಥದ ಯಾಮಾಮೊತೊ ತ್ಸುನೆತೊಮೊ ಇವರನ್ನು ತೆಗಳಿದ: ಇಷ್ಟು ದಿನ ಕಾದರಲ್ಲ, ಅಷ್ಟರಲ್ಲಿ ಕಿರಾ ಕಾಯಿಲೆ ಬಿದ್ದು ಸತ್ತಿದ್ದರೆ ಗತಿ ಏನಾಗುತ್ತಿತ್ತು ಎಂಬುದು ಅವನ ಆಕ್ಷೇಪ. ಸಾತೋ ನಾವೊಕಾತಾನಂಥ ಕನ್ಫ್ಯೂಷಿಯನ್ ಪಂಡಿತರು ಅವರನ್ನು ಕಾನೂನು ಮುರಿದವರೆಂದೇ ಕರೆದರು. ಅವರನ್ನು ಎದೆಗೆ ಹಚ್ಚಿಕೊಂಡದ್ದು ಜೋಡಿ ಕತ್ತಿ ಧರಿಸುವ ಹಕ್ಕೇ ಇಲ್ಲದ ಪೇಟೆಯ ಜನ. ಹಚ್ಚಿಕೊಂಡ ಮೇಲೆ ಕತೆಯನ್ನು ತಮ್ಮ ಮನೆಯೊಳಗೆ ತಂದು ಕೂಡಿಸಿದರು.

ಮತ್ತೆ ಈ ಖರ್ಚುಪಟ್ಟಿಯನ್ನು ಹರಿದು ಹಾಕಿದವರು ಯಾರು? ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಬರೆದ ಬುಶಿದೋ ಪುಸ್ತಕ 1900ರಲ್ಲಿ ಫಿಲಡೆಲ್ಫಿಯಾದಿಂದ ಹೊರಬಂತು, ಲೋಕವೆಲ್ಲ ಓದಿತು. ನಮ್ಮಲ್ಲೂ ಸಮುರಾಯ್ ಎಂದೊಡನೆ ಬಾಯಿಗೆ ಬರುವ ಮಾತುಗಳು ಹೆಚ್ಚಿನಂಶ ಅಲ್ಲಿಂದಲೇ ಬಂದವು. ನಿಷ್ಠೆಯ ಅಧ್ಯಾಯದಲ್ಲಿ ನಿತೊಬೆ ಉದಾಹರಣೆಗೆ ತೆಗೆದುಕೊಂಡದ್ದು ಸುಗಾವಾರಾ ನಾಟಕದ ಶಾಲೆಯ ದೃಶ್ಯವನ್ನು. 1746ರ ಆ ನಾಟಕದ ಹಿಂದೆಯೂ ಚೂಶಿಂಗುರಾದ ಇದೇ ಮೂವರಿದ್ದರು. ಒಡೆಯನ ಮಗನನ್ನು ಉಳಿಸಲು ಮಾತ್ಸುವೊಮಾರು ತನ್ನ ಸ್ವಂತ ಮಗನನ್ನು ಅವನ ಬದಲಿಗೆ ಶಾಲೆಗೆ ಕಳಿಸುತ್ತಾನೆ, ತಲೆ ಕಡಿಯಲಾಗುತ್ತದೆ. ಮಗ ಕೆಲಸಕ್ಕೆ ಬಂದ, ಸಂತೋಷಪಡು ಎಂದು ಗಂಡ ಹೆಂಡತಿಗೆ ಹೇಳುವಲ್ಲಿಗೆ ನಿತೊಬೆ ಕತೆ ನಿಲ್ಲಿಸಿ, ಬೈಬಲಿನ ಅಬ್ರಹಾಮನತ್ತ ತಿರುಗುತ್ತಾರೆ. ನಾಟಕದಲ್ಲಿರುವುದು ಅಷ್ಟೇ ಅಲ್ಲ. ಆ ಮಾತಿಗೆ ಮುಂಚೆಯೇ, ತಾಯಿ ಹಿಂದಿರುಗಿ ಬಂದಾಗ ಅವಳ ಮೇಲೂ ಕತ್ತಿ ಬೀಸುತ್ತದೆ. ಮಗನ ಪೆಟ್ಟಿಗೆಯನ್ನು ಅಡ್ಡ ಹಿಡಿಯುತ್ತಾಳೆ. ಪೆಟ್ಟಿಗೆ ಒಡೆದು ಒಳಗಿನಿಂದ ಹೆಣಕ್ಕೆ ಹೊದಿಸುವ ಬಟ್ಟೆ ಚೆಲ್ಲುತ್ತದೆ. ಬೆಳಿಗ್ಗೆ ಮಗನನ್ನು ಶಾಲೆಗೆ ಸೇರಿಸುವಾಗಲೇ ಆ ಬಟ್ಟೆಯನ್ನು ಅವಳು ಮಡಿಸಿ ಇಟ್ಟಿದ್ದಳು. ಕೊನೆಗೆ ಗಂಡ ಹೆಂಡತಿ ಬಿಳಿಯ ಶೋಕವಸ್ತ್ರದಲ್ಲಿ ಮಗುವನ್ನು ಸುಡಲು ಹೊರಡುತ್ತಾರೆ. ನಿರೂಪಕ ಮಕ್ಕಳ ಅಕ್ಷರಮಾಲೆಯ ಅಕ್ಷರಗಳನ್ನೇ ಹೆಣೆದ ಶೋಕಗೀತ ಹಾಡುತ್ತಾನೆ. ನಮ್ಮ ತಾಳಮದ್ದಳೆಯಲ್ಲಿ ಪಾತ್ರವೊಂದು ಗೆದ್ದ ಮೇಲೂ ಭಾಗವತ ಪದ ನಿಲ್ಲಿಸದೆ ಸೋತವನ ಕಡೆಗೆ ತಿರುಗುತ್ತಾನಲ್ಲ, ಬೊಂಬೆಯಾಟದ ನಿರೂಪಕನದೂ ಅದೇ ಧರ್ಮ. ನಿತೊಬೆಗೆ ನೀತಿಪಾಠ ಬೇಕಿತ್ತು, ಶೋಕಗೀತ ಬೇಕಿರಲಿಲ್ಲ. ಅವರು ಕತ್ತರಿಸಿದ ಜಾಗ ನಾಟಕಕಾರರು ಉಸಿರು ಬಿಗಿಹಿಡಿದು ಕಾದಿದ್ದ ಜಾಗ.

ಕತ್ತರಿ ಹಿಡಿದವರು ಇನ್ನೂ ಇದ್ದರು. 1907ರಲ್ಲಿ ನಾನಿವಾಬುಶಿ ಗಾಯಕ ತೋಚೂಕೆನ್ ಕುಮೊಎಮೊನ್ ಟೋಕಿಯೋದ ಹೊಂಗೊ ರಂಗಮಂದಿರದಲ್ಲಿ ರೋನಿನ್‌ಗಳ ಕತೆ ಹಾಡಿ ಜನಸಾಗರ ಕೂಡಿಸಿದ. ಅವನ ಹಾಡಿನಲ್ಲಿ ನಲವತ್ತೇಳು ಮಂದಿ ರಷ್ಯಾವನ್ನು ಗೆದ್ದ ದೇಶದ ಸಿಪಾಯಿಗಳಾಗಿಬಿಟ್ಟರು. ಕುಸುನೊಕಿ ಮಾಸಾಶಿಗೆಯದು ಇನ್ನೊಂದು ಕತೆ. 1336ರಲ್ಲಿ ಸೋಲು ಖಚಿತವೆಂದು ತಿಳಿದೂ ಯುದ್ಧಕ್ಕಿಳಿದು ಸತ್ತವನು; ಅವನನ್ನು ಮರೆಯದಂತೆ ಉಳಿಸಿದ್ದು ತಾಯ್‌ಹೇಕಿ ಎಂಬ ಯುದ್ಧಕಥನವನ್ನು ಓದುತ್ತ ಬದುಕುತ್ತಿದ್ದ ವಾಚಕರು. ಅವನ ಕಂಚಿನ ಪ್ರತಿಮೆ ಅರಮನೆಯ ಮುಂದೆ ಎದ್ದಿತು. 1945ರಲ್ಲಿ ಓಕಿನಾವಾದ ಮೇಲೆ ಹುಡುಗರನ್ನು ಸಾಯಲು ಕಳಿಸಿದ ದಾಳಿಗಳಿಗೆ ಅವನ ಲಾಂಛನದ, ನೀರ ಮೇಲೆ ತೇಲುವ ಸೇವಂತಿಗೆಯ, ಹೆಸರನ್ನೇ ಇಟ್ಟರು. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ದಂತಕಥೆಗೆ ಜನರನ್ನು ಕೊಲ್ಲುವ ಶಕ್ತಿಯಿದೆ. ಆದರೆ ಕೊಂದದ್ದು ರಂಗದ ಮೇಲಿದ್ದ ಕತೆಯಲ್ಲ, ಅದರಿಂದ ಮುದುಕಿಯನ್ನೂ ಶವವಸ್ತ್ರವನ್ನೂ ತೆಗೆದು ಉಳಿಸಿಕೊಂಡ ಪಠ್ಯಪುಸ್ತಕದ ಕತೆ.

ಇದಕ್ಕೆ ಒಂದು ಗಟ್ಟಿಯಾದ ಪ್ರತಿವಾದವಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ಕಣ್ಣೀರೇ ಒಪ್ಪಿಗೆ ಎನ್ನುವ ವಾದ ಅದು. ಪ್ರೇಕ್ಷಕ ಶವವಸ್ತ್ರ ನೋಡಿ ಅಳುತ್ತಾನೆ, ಅತ್ತು ಹಗುರಾಗುತ್ತಾನೆ, ಆ ತ್ಯಾಗ ಅವನಿಗೆ ಸಿಹಿಯಾಗುತ್ತದೆ. ಖರ್ಚು ತೋರಿಸಿದ್ದರಿಂದಲೇ ಸರಕಿನ ಬೆಲೆ ಏರುತ್ತದೆ. 1703ರಲ್ಲಿ ಚಿಕಾಮಾತ್ಸು ಸೊನೆಜಾಕಿಯ ಪ್ರೇಮಿಗಳ ಜೋಡಿ ಆತ್ಮಹತ್ಯೆಯನ್ನು ಆಡಿಸಿದ. ಮುಂದೆ ಜೋಡಿ ಸಾವುಗಳು ಎಷ್ಟು ಹಬ್ಬಿದವೆಂದರೆ ಎರಡೇ ದಶಕಗಳಲ್ಲಿ ಸರ್ಕಾರ ಅಂಥ ನಾಟಕಗಳನ್ನೇ ನಿಷೇಧಿಸಬೇಕಾಯಿತು. ಅಳಿಸುವ ಕಲೆ ಸಾವಿಗೆ ಸೊಬಗು ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಚೂಶಿಂಗುರಾದ ಮೂವರು ಕರ್ತೃಗಳ ಪರವಾಗಿ ಈ ವಾದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಉತ್ತರ ಕೊಟ್ಟವನು ಬೇರೆಯವನು. ಅವನ ಸಲುವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ನಾಲ್ಕನೆಯ ತ್ಸುರುಯಾ ನಾನ್‌ಬೊಕು. 1755ರಲ್ಲಿ ಎದೋದ ನಿಹೊಂಬಾಶಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಮಗನಾಗಿ ಹುಟ್ಟಿದ. ಇಪ್ಪತ್ತರ ಆಸುಪಾಸಿನಲ್ಲಿ ರಂಗಶಾಲೆ ಸೇರಿ, ಐವತ್ತು ತುಂಬುವವರೆಗೂ ಇತರರ ನಾಟಕಗಳಿಗೆ ದೃಶ್ಯ ಹೊಂದಿಸುತ್ತ ಕೂತ. ನಾನ್‌ಬೊಕು ಎಂಬ ಹೆಸರು ಧರಿಸಿದ್ದು 1811ರಲ್ಲಿ. 1829ರಲ್ಲಿ ಸತ್ತಾಗ, ತನ್ನ ಶವಯಾತ್ರೆಗೆ ಬಂದವರಿಗೆ ಹಂಚಲೆಂದು ತಾನೇ ಒಂದು ಪ್ರಹಸನ ಬರೆದಿಟ್ಟಿದ್ದ. ಅದರಲ್ಲಿ ಹೆಣದ ಪೆಟ್ಟಿಗೆಯಿಂದ ಅವನೇ ಮಾತಾಡುತ್ತಾನೆ. ಚಿಕಾಮಾತ್ಸುವನ್ನು ಜಪಾನಿನ ಶೇಕ್ಸ್‌ಪಿಯರ್ ಎಂದು ಕರೆಯುವುದು ರೂಢಿ. ನಾನು ನಾನ್‌ಬೊಕುವನ್ನು ಅವನಿಗಿಂತ ಮೇಲಿಡುತ್ತೇನೆ. ಚಿಕಾಮಾತ್ಸುವಿನ ಭಾಷೆಯ ಸೊಗಸು ಇವನಲ್ಲಿಲ್ಲ, ಆ ಸೊಗಸು ಇಲ್ಲದಿರುವುದೇ ಇವನ ಹೆಚ್ಚುಗಾರಿಕೆ. ಸಾಯುವವರಿಗೆ ಇವನು ಹಾಡು ಕೊಡಲಿಲ್ಲ.

1825ರ ಬೇಸಿಗೆಯಲ್ಲಿ ಎದೋದ ನಾಕಾಮುರಾ ರಂಗಶಾಲೆಯಲ್ಲಿ ಅವನ ಯೊತ್ಸುಯಾ ಕೈದಾನ್ ಮೊದಲ ಸಲ ಆಡಿತು. ಇದು ಭೂತದ ನಾಟಕ ಎಂದು ಎಲ್ಲರಿಗೂ ಗೊತ್ತು. ಆಡಿದ ರೀತಿಯನ್ನು ಮಾತ್ರ ಜನ ಮರೆತಿದ್ದಾರೆ. ಎರಡು ದಿನ, ಚೂಶಿಂಗುರಾದ ಅಂಕಗಳ ನಡುನಡುವೆ ಇದರ ಅಂಕಗಳನ್ನು ಸೇರಿಸಿ ಆಡಿದರು. ಒಡೆಯನ ಸೆಪ್ಪುಕು ಆದ ಮೇಲೆ ಅದೇ ಒಡೆಯನ ಪರಿವಾರ ಎದೋದ ಗಲ್ಲಿಗಳಲ್ಲಿ ಹೇಗೆ ಕೊಳೆಯಿತು ಎಂದು ತೋರಿಸಿ, ಮತ್ತೆ ಉದಾತ್ತ ಕತೆಗೆ ಮರಳಿ, ಮತ್ತೆ ಗಲ್ಲಿಗೆ ಇಳಿದು, ಕೊನೆಗೆ ಹಿಮದಲ್ಲಿ ದಾಳಿಗೆ ಬಂದು ಮುಗಿಸಿದರು. ನಾಯಕ ಇಯೆಮೊನ್ ಎನ್ಯಾ ಮನೆತನದ ಮಾಜಿ ಸಮುರಾಯ್. ರೋನಿನ್ ಆದ ಮೇಲೆ ಛತ್ರಿಗೆ ಕಾಗದ ಅಂಟಿಸಿ ಹೊಟ್ಟೆ ಹೊರೆಯುತ್ತಾನೆ. ಸಂಸ್ಥಾನದ ಹಣ ಕದ್ದವನು. ಅದು ಗೊತ್ತಿದ್ದ ಮಾವನನ್ನು ಕೊಂದವನು. ಕೊಂದ ಕೈಯಲ್ಲೇ ಹೆಂಡತಿ ಓಯಿವಾಳಿಗೆ ಮಾತು ಕೊಡುತ್ತಾನೆ: ನಿನ್ನ ಅಪ್ಪನ ಕೊಲೆಗೆ ನಾನೇ ಸೇಡು ತೀರಿಸುತ್ತೇನೆ, ನನ್ನ ಜೊತೆ ಇರು. ಅವನ ಜೊತೆಗಾರ ನಾವೊಸುಕೆಯೂ ಅವಳ ತಂಗಿಗೆ ಅದೇ ರಾತ್ರಿ ಅಂಥದೇ ಮಾತು ಕೊಡುತ್ತಾನೆ. ಚೂಶಿಂಗುರಾದಲ್ಲಿ ಸೇಡು ಪವಿತ್ರವಾದ ಶಪಥ. ನಾನ್‌ಬೊಕುವಿನಲ್ಲಿ ಅದು ಹೆಣ್ಣನ್ನು ಮನೆಯಲ್ಲಿ ಉಳಿಸಿಕೊಳ್ಳಲು ಕೊಲೆಗಾರ ಹೇಳುವ ಸುಳ್ಳು. ಪಂಡಿತರು ನೂರಕ್ಕೂ ಹೆಚ್ಚು ವರ್ಷ ಪ್ರಬಂಧ ಬರೆದು ಮುಟ್ಟದ ಜಾಗವನ್ನು ಅವನು ಮೊದಲ ಅಂಕದಲ್ಲೇ ಮುಟ್ಟಿಬಿಟ್ಟ.

ಆ ಮನೆಯೊಳಗೆ ಒಮ್ಮೆ ನೋಡಬೇಕು. ಓಯಿವಾ ಹೆತ್ತು ಹೆಚ್ಚು ದಿನವಾಗಿಲ್ಲ, ಮೇಲೇಳಲಾರಳು. ನೆರೆಯ ಇತೊ ಮನೆಯವರು ಬಾಣಂತಿಗೆಂದು ಔಷಧ ಕಳಿಸಿದ್ದಾರೆ. ಇತೊ ಮನೆಯವರು ಶತ್ರು ಮೊರೊನಾವೊನ ಕಡೆಯವರು. ಅವರ ಮೊಮ್ಮಗಳು ಇಯೆಮೊನ್‌ನನ್ನು ಬಯಸಿದ್ದಾಳೆ. ಔಷಧ ಮುಖ ಕೆಡಿಸುವ ವಿಷ. ಓಯಿವಾ ಅವರ ಮನೆಯ ದಿಕ್ಕಿಗೆ ತಲೆಬಾಗಿ, ಪುಡಿಯ ಪೊಟ್ಟಣವನ್ನು ಬಿಡಿಸಿ, ಅಂಗೈಗೆ ಬಿದ್ದ ಚೂರನ್ನೂ ಬಿಡದೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ. ನಟ ಇದನ್ನು ಬಹಳ ನಿಧಾನವಾಗಿ ಮಾಡುತ್ತಾನೆ, ರಂಗದ ಮೇಲೆ ಬೇರೇನೂ ನಡೆಯುವುದಿಲ್ಲ. ಆಮೇಲೆ ಇಯೆಮೊನ್ ಬಂದು ಅಡವಿಡಲು ಏನಾದರೂ ಕೊಡೆನ್ನುತ್ತಾನೆ. ಮೈಮೇಲಿನ ಬಟ್ಟೆ ಕಿತ್ತುಕೊಳ್ಳುತ್ತಾನೆ. ಸೊಳ್ಳೆಪರದೆಗೂ ಕೈಹಾಕುತ್ತಾನೆ. ಮಗುವಿಗೆ ಸೊಳ್ಳೆ ಕಡಿಯುತ್ತದೆ, ಅದೊಂದನ್ನು ಬಿಡಿ ಎಂದು ಅವಳು ಪರದೆಯನ್ನು ಹಿಡಿದು ನೇತುಬೀಳುತ್ತಾಳೆ. ಅವನು ಎಳೆದ ರಭಸಕ್ಕೆ ಅವಳ ಉಗುರುಗಳು ಕಿತ್ತು ಬರುತ್ತವೆ. ವಿಶ್ವದ ನಾಟಕ ಸಾಹಿತ್ಯದಲ್ಲಿ ಬಡತನದ ಬಗ್ಗೆ ಇದಕ್ಕಿಂತ ನಿಖರವಾದ ದೃಶ್ಯ ನನಗೆ ಗೊತ್ತಿಲ್ಲ.

ಕನ್ನಡಿ ಬರುವುದು ಆಮೇಲೆ. ಮೈ ತಿಕ್ಕುವ ಕಸುಬಿನ ತಾಕುಯೆತ್ಸು ಅವಳಿಗೆ ಮುಖ ತೋರಿಸಿ, ನಡೆದದ್ದೆಲ್ಲ ಹೇಳಿಬಿಡುತ್ತಾನೆ. ಅವಳು ಇತೊ ಮನೆಗೆ ಹೋಗಲೇಬೇಕೆಂದು ಹಲ್ಲಿಗೆ ಕರಿ ಹಚ್ಚಿಕೊಳ್ಳುತ್ತಾಳೆ, ಅವ್ವನ ನೆನಪಿನ ಬಾಚಣಿಗೆ ತೆಗೆದು ತಲೆ ಬಾಚುತ್ತಾಳೆ. ಬಾಚಿದ ಕಡೆಯಲ್ಲೆಲ್ಲ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬರುತ್ತದೆ. ಹಿಂಡಿದರೆ ನೆತ್ತರು ತೊಟ್ಟಿಕ್ಕುತ್ತದೆ. ಆ ಕಾಲದ ಮದುವೆಯಾದ ಹೆಣ್ಣು ಮರ್ಯಾದೆಯಿಂದ ಹೊರಗೆ ಹೋಗಲು ಏನೇನು ಮಾಡಿಕೊಳ್ಳಬೇಕೋ ಅದನ್ನೇ ಅವಳು ಮಾಡುತ್ತಿರುವುದು. ಮರ್ಯಾದೆಯ ಕೆಲಸವೇ ಅವಳನ್ನು ಭೂತವನ್ನಾಗಿ ಮಾಡುತ್ತದೆ. ಇಲ್ಲಿ ಪ್ರೇಕ್ಷಕ ಅಳುವುದಿಲ್ಲ. ಅತ್ತು ಹಗುರಾಗಲು ನಾನ್‌ಬೊಕು ಬಿಡುವುದಿಲ್ಲ. ಹೆದರಿದ ಮನುಷ್ಯ ಯಾವುದಕ್ಕೂ ಒಪ್ಪಿಗೆ ಕೊಡಲಾರ. ಕಣ್ಣೀರೇ ಒಪ್ಪಿಗೆ ಎಂಬ ವಾದಕ್ಕೆ ಉತ್ತರ ಈ ಬಾಚಣಿಗೆಯಲ್ಲಿದೆ.

ಅದಕ್ಕಿಂತ ಆಳವಾದ ಏಟು ಕೊಹೆಯ್‌ನದು. ಅವನೊಬ್ಬ ಆಳು. ಅವನ ಹಳೆಯ ಒಡೆಯ ಮಾತಾನೊಜೊ ಸೇಡಿನ ಕೂಟಕ್ಕೆ ಸೇರಿದವನು, ಕಾಲು ಬಿದ್ದುಹೋಗಿ ನಡೆಯಲಾರದೆ ಮಲಗಿದ್ದಾನೆ. ಒಡೆಯನ ಕಾಲಿಗೆಂದು ಕೊಹೆಯ್ ಇಯೆಮೊನ್‌ನ ಮನೆಯ ವಂಶಪಾರಂಪರ್ಯದ ಔಷಧ ಕದಿಯುತ್ತಾನೆ. ಸಿಕ್ಕಿಬಿದ್ದು, ಬೆರಳು ಮುರಿಸಿಕೊಂಡು, ಸಾಯುತ್ತಾನೆ. ಇವನಿಗೂ ಓಯಿವಾಳಿಗೂ ಸಂಬಂಧವಿತ್ತು ಎಂದು ಕಾಣುವಂತೆ ಇಬ್ಬರ ಹೆಣಗಳನ್ನೂ ಒಂದೇ ಬಾಗಿಲ ಹಲಗೆಯ ಎರಡು ಬದಿಗೆ ಮೊಳೆ ಹೊಡೆದು ಹೊಳೆಗೆ ಬಿಡುತ್ತಾರೆ. ಕಾಲುವೆಯ ದಂಡೆಯಲ್ಲಿ ಆ ಹಲಗೆ ಮೇಲೆ ಬರುತ್ತದೆ. ಒಂದು ಬದಿಯಲ್ಲಿ ಓಯಿವಾ, ತಿರುಗಿಸಿದರೆ ಕೊಹೆಯ್. ಎರಡೂ ಮುಖಗಳು ಒಬ್ಬನೇ ನಟನದು, ಮೂರನೆಯ ಓನೊಯೆ ಕಿಕುಗೊರೋನದು. ಅಷ್ಟೇ ಅಲ್ಲ, ಕೊನೆಯಲ್ಲಿ ಇಯೆಮೊನ್‌ನನ್ನು ಕೊಂದು ಸೇಡಿನ ದಂಡಿಗೆ ಹೋಗುವ ಯೊಮೊಶಿಚಿಯ ಪಾತ್ರವೂ ಅವನದೇ. ಈ ಹಂಚಿಕೆಯನ್ನು ಚಮತ್ಕಾರವೆಂದು ಬರೆದು ಕೈತೊಳೆದುಕೊಂಡ ವಿಮರ್ಶಕರನ್ನು ಓದಿ ನನಗೆ ಸಿಟ್ಟು ಬಂದಿದೆ. ಒಂದೇ ಮೈಯಲ್ಲಿ ಸತ್ತ ಹೆಂಡತಿ, ಸತ್ತ ಆಳು, ಗೆದ್ದ ವೀರ. ಕೊಹೆಯ್ ಭೂತವಾಗಿ ಬಂದು ಔಷಧ ತಲುಪಿಸುತ್ತಾನೆ, ಮಾತಾನೊಜೊ ಎದ್ದು ನಿಂತು ದಾಳಿಗೆ ಹೊರಡುತ್ತಾನೆ. ನಲವತ್ತೇಳರಲ್ಲಿ ಒಬ್ಬ ಈ ಆಳಿನ ಹೆಣದ ಬೆಲೆಯಲ್ಲಿ ಕಾಲು ಪಡೆದವನು. ಇಷ್ಟನ್ನು ನೋಡಿದ ಎದೋದ ಪ್ರೇಕ್ಷಕರಿಗೆ ಆ ಎರಡನೆಯ ದಿನದ ಕೊನೆಗೆ ದಾಳಿಯ ಅಂಕವನ್ನೂ ತೋರಿಸಿದರು. ಮೊದಲು ನೋಡಿದಂತೆ ಅದನ್ನು ಅವರು ನೋಡಿರಲು ಸಾಧ್ಯವೇ?

ಇಯೆಮೊನ್ ಆಕಾಶದಿಂದ ಬಿದ್ದವನಲ್ಲ ಎಂಬುದನ್ನೂ ಹೇಳಬೇಕು. ಮುದುಕನನ್ನು ಕೊಂದ ಸಾದಾಕುರೊ ಕೂಡ ಎನ್ಯಾ ಮನೆತನದ ಪರಿವಾರದವನೊಬ್ಬನ ದಾರಿತಪ್ಪಿದ ಮಗ. ಮೊದಲು ಅವನನ್ನು ದಪ್ಪ ಬಟ್ಟೆಯ ಒರಟು ದರೋಡೆಕೋರನಂತೆ ಆಡುತ್ತಿದ್ದರು. 1766ರಲ್ಲಿ ನಟ ನಾಕಾಮುರಾ ನಾಕಾಜೊ ಕಪ್ಪು ಬಟ್ಟೆ, ಬೆಳ್ಳಗೆ ಬಳಿದ ಮೈ, ಹರಿದ ಛತ್ರಿ, ತೋಯ್ದ ಕೂದಲಿನಲ್ಲಿ ಬಂದು ನಿಂತ. ಮಾತು ಕೆಲವೇ ಇರುವ ಆ ಪಾತ್ರ ಅಂದಿನಿಂದ ದೊಡ್ಡ ನಟರ ಪಾತ್ರವಾಯಿತು. ಕೆಟ್ಟ ಸಮುರಾಯಿಯ ಚೆಲುವನ್ನು ಪ್ರೇಕ್ಷಕ ಕಂಡುಕೊಂಡ. ಅರವತ್ತು ವರ್ಷ ಕಳೆದು ಏಳನೆಯ ದಾಂಜೂರೊ ಇಯೆಮೊನ್ ಆಗಿ ಬಂದಾಗ ಅವನನ್ನು ಗುರುತಿಸುವ ಕಣ್ಣು ಸಿದ್ಧವಾಗಿತ್ತು. ನಿಷ್ಠಾವಂತನ ಪಕ್ಕದಲ್ಲಿ ನಿಷ್ಠೆಗೆಟ್ಟವನನ್ನು ಬೆಳೆಸಿದ್ದೂ ಇದೇ ಪರಂಪರೆ.

ನಾನ್‌ಬೊಕುವಿನ ಮೇಲೆ ಇರುವ ಆರೋಪಗಳು ಹಳೆಯವು. ಕಾಕತಾಳೀಯಗಳು ಹೆಚ್ಚು, ರಕ್ತ ಹೆಚ್ಚು, ಒಂದೇ ಗಲ್ಲಿಯಲ್ಲಿ ಎಲ್ಲರೂ ಎಲ್ಲರ ನೆಂಟರು. ಅಣ್ಣನೆಂದು ತಿಳಿಯದೆ, ತಂಗಿಯೆಂದು ತಿಳಿಯದೆ ಕೂಡಿದವರು ಅವನ ನಾಟಕಗಳಲ್ಲಿ ಎಡವಿದಲ್ಲೆಲ್ಲ ಸಿಗುತ್ತಾರೆ. ಸಂಸ್ಥಾನ ಮುರಿದು ನೂರಾರು ಕುಟುಂಬಗಳು ಬೀದಿಗೆ ಬಿದ್ದ ಮೇಲೆ ಗಲ್ಲಿಯಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುವುದರಲ್ಲಿ ನನಗೆ ಅಸಹಜವಾದದ್ದೇನೂ ಕಾಣುವುದಿಲ್ಲ. ಅವನ ಇಕ್ಕಟ್ಟು ಆ ಊರಿನ ಇಕ್ಕಟ್ಟು.

ಈ ರಂಗಭೂಮಿಯನ್ನು ತಿದ್ದಲು ಹೊರಟವರ ಕತೆ ಹೇಳದೆ ಈ ಜಗಳ ಮುಗಿಯುವುದಿಲ್ಲ. ಮೈಜಿ ಕಾಲದ ದೊಡ್ಡವರಿಗೆ ಕಬುಕಿ ನಾಚಿಕೆಯ ವಿಷಯವಾಯಿತು. 1886ರಲ್ಲಿ ಹುಟ್ಟಿದ ರಂಗಸುಧಾರಣಾ ಸಂಘದ ಮುಂದಾಳು ಸುಯೆಮಾತ್ಸು ಕೆಂಚೊ. ನಾಟಕ ಸಭ್ಯವಾಗಿರಬೇಕು, ಪಶ್ಚಿಮದ ಮಹನೀಯರು ನೋಡುವಂತಿರಬೇಕು ಎಂಬುದು ಸಂಘದ ಬೇಡಿಕೆ. ಮರುವರ್ಷ ಚಕ್ರವರ್ತಿಯೇ ಮಂತ್ರಿಯೊಬ್ಬನ ಮನೆಯಲ್ಲಿ ಕಬುಕಿ ನೋಡಿದ. ತೋರಿಸಿದ್ದರಲ್ಲಿ ನೋ ನಾಟಕದಿಂದ ಎರವಲು ಪಡೆದ ಘನವಾದ ಕಾಂಜಿಂಚೊ ಇತ್ತು. ಒಂಬತ್ತನೆಯ ದಾಂಜೂರೊ ಇತಿಹಾಸಕ್ಕೆ ನಿಷ್ಠವಾದ ಉಡುಪು, ನಿಷ್ಠವಾದ ಮಾತಿನ ನಾಟಕಗಳನ್ನು ಆಡಿದ, ಜನ ನೋಡಲು ಬರಲಿಲ್ಲ. ಇದೇ ಸುಯೆಮಾತ್ಸು 1879ರಲ್ಲಿ ಲಂಡನ್ನಿನಲ್ಲಿ ಏನು ಬರೆದಿದ್ದರು? ಹನ್ನೆರಡನೆಯ ಶತಮಾನದ ವೀರ ಯೊಶಿತ್ಸುನೆ 1189ರಲ್ಲಿ ಸಾಯಲಿಲ್ಲ, ಸಮುದ್ರ ದಾಟಿ ಹೋಗಿ ಗೆಂಘಿಸ್ ಖಾನನಾದ ಎಂದು. ಆ ಮಾತನ್ನು 1924ರಲ್ಲಿ ಓಯಾಬೆ ಜೆನ್‌ಇಚಿರೊ ಪುಸ್ತಕ ಮಾಡಿದಾಗ ಅದು ಭರ್ಜರಿಯಾಗಿ ಮಾರಾಟವಾಯಿತು. ಮಂಗೋಲಿಯಾದ ಕಡೆಗೆ ಕಣ್ಣಿಟ್ಟಿದ್ದ ದೇಶಕ್ಕೆ ಅಂಥ ಪೂರ್ವಜ ಬೇಕಾಗಿದ್ದ. ಸುಳ್ಳು ಇತಿಹಾಸ ಹಬ್ಬಿಸಿದರೆಂದು ನಟರನ್ನೂ ಬೊಂಬೆ ಆಡಿಸುವವರನ್ನೂ ಆರೋಪಿಸುವವರು ಈ ಎರಡು ಪುಸ್ತಕಗಳನ್ನು ಮೊದಲು ಲೆಕ್ಕಕ್ಕೆ ಹಿಡಿಯಲಿ. ಯೊಶಿತ್ಸುನೆಯನ್ನು ರಂಗ ಹೆಚ್ಚಾಗಿ ಸೋತವನಾಗಿಯೇ, ಓಡಿಹೋಗುವವನಾಗಿಯೇ ತೋರಿಸಿತು. ಅವನನ್ನು ದಿಗ್ವಿಜಯಿಯನ್ನಾಗಿ ಮಾಡಿದವರು ಓದಿದವರು.

ಅದೇ ಕಾಲದಲ್ಲಿ ಲೋಕಕ್ಕೆ ತೋರಿಸಲು ಇನ್ನೊಂದು ಜಪಾನನ್ನು ಆರಿಸಲಾಯಿತು. 1906ರಲ್ಲಿ ಓಕಾಕುರಾ ಚಹಾದ ಪುಸ್ತಕ ಬರೆದರು. ಫೆನೊಲೊಸಾನ ಟಿಪ್ಪಣಿಗಳಿಂದ ಎಜ್ರಾ ಪೌಂಡ್ ನೋ ನಾಟಕಗಳನ್ನು ತಿದ್ದಿ ಪ್ರಕಟಿಸಿದ. ಯೇಟ್ಸ್ ಅದರ ಬೆರಗಿನಲ್ಲಿ ನಾಟಕ ಬರೆದ. ಮೌನ, ಖಾಲಿ ಜಾಗ, ಒಂದು ಹೂ, ಒಂದು ಸನ್ನೆ. ಆ ಜಪಾನೇ ನಮಗೂ ಬಂತು. ಕನ್ನಡದಲ್ಲಿ ಹಾಯ್ಕು ಬರೆಯುವವರು ಎಷ್ಟೊಂದು ಮಂದಿ, ಝೆನ್ ಕತೆ ಹೇಳುವವರು ಎಷ್ಟೊಂದು ಮಂದಿ! ಸೊಳ್ಳೆಪರದೆಯ ಜಪಾನನ್ನು ಕೇಳಿದವರು ವಿರಳ. ಇದು ರುಚಿಯ ಪ್ರಶ್ನೆ ಎಂದು ಬಿಡಲು ನನ್ನಿಂದಾಗದು. ನೋ ಶೋಗುನರ ಸಮಾರಂಭದ ಕಲೆಯಾಗಿ ಸಂಬಳದ ಮೇಲೆ ಬದುಕಿತು. ಅದರಲ್ಲಿ ಭೂತಗಳಿವೆ, ಆದರೆ ಅವು ಹೆಚ್ಚಾಗಿ ಯೋಧರ, ಅರಮನೆಯ ಹೆಂಗಸರ ಭೂತಗಳು; ಬೌದ್ಧ ಭಿಕ್ಷು ಮಂತ್ರ ಹೇಳಿದೊಡನೆ ಶಾಂತವಾಗುತ್ತವೆ. ಓಯಿವಾ ಶಾಂತಳಾಗುವುದಿಲ್ಲ. ಇಯೆಮೊನ್‌ಗಾಗಿ ಜಪಮಾಲೆ ಹಿಡಿದು ಕೂತವರ ನಡುವೆಯೂ ಉರಿಯುವ ಕಂದೀಲಿನೊಳಗಿಂದ ಹೊರಗೆ ಬರುತ್ತಾಳೆ. ನೋವನ್ನು ಶಾಂತಗೊಳಿಸುವ ಕಲೆಯನ್ನು ಉನ್ನತವೆಂದೂ, ಶಾಂತವಾಗಲು ಬಿಡದ ಕಲೆಯನ್ನು ಅಗ್ಗವೆಂದೂ ಅಳೆಯುವ ಮಾನದಂಡ ಯಾರ ಅನುಕೂಲಕ್ಕೆ ಹುಟ್ಟಿತೆಂದು ಕೇಳಲೇಬೇಕು. ನಮ್ಮ ಕಂಪನಿ ನಾಟಕಗಳನ್ನು ಗದ್ದಲವೆಂದು ಬದಿಗೆ ಸರಿಸಿದ ವಿಮರ್ಶೆಯೂ ಇದೇ ಮಾನದಂಡ ಹಿಡಿದಿತ್ತು. ಅಲ್ಲಿ ಏನೇನು ಕಳೆದುಹೋಯಿತೆಂದು ಯಾರೂ ಪಟ್ಟಿ ಮಾಡಿಲ್ಲ.

ಯೊತ್ಸುಯಾದಲ್ಲಿ ಓಯಿವಾಳ ಹೆಸರಿನ ಗುಡಿಯಿದೆ. ಅಲ್ಲಿನ ಐತಿಹ್ಯದ ಓಯಿವಾ ಹದಿನೇಳನೆಯ ಶತಮಾನದವಳು, ಗಂಡನ ಜೊತೆ ಚೆನ್ನಾಗಿ ಬಾಳಿದ ಗೃಹಿಣಿ. ಆದರೂ ಈ ನಾಟಕ ಆಡುವ ಮುಂಚೆ ನಟರು ಆ ಗುಡಿಗೆ ಹೋಗಿ ಅಪ್ಪಣೆ ಕೇಳುತ್ತಾರೆ. ಅವರು ಕೈಮುಗಿಯುವುದು ಬಾಳಿದವಳಿಗಲ್ಲ, ನಾನ್‌ಬೊಕುವಿನ ಓಯಿವಾಳಿಗೆ.

ಇವತ್ತು ಚೂಶಿಂಗುರಾ ಡಿಸೆಂಬರಿನ ನಾಟಕ. ಹದಿನಾಲ್ಕರಂದು ಸೆಂಗಾಕುಜಿಯಲ್ಲಿ ಉತ್ಸವ ನಡೆಯುತ್ತದೆ, ಊದಿನಕಡ್ಡಿಯ ಹೊಗೆ ಸಮಾಧಿಗಳನ್ನು ಮುಚ್ಚುತ್ತದೆ. ಯೊತ್ಸುಯಾ ಕೈದಾನ್ ಬೇಸಿಗೆಯ ನಾಟಕ, ಸೆಖೆಯಲ್ಲಿ ಮೈ ನಡುಗಿಸಲಿಕ್ಕೆ. ನಡುವೆ ಅರ್ಧ ವರ್ಷದ ಅಂತರ. ನಿತೊಬೆಯ ಕತ್ತರಿಗಿಂತ ದೊಡ್ಡ ಕತ್ತರಿ ಇದು. ನಿಷ್ಠೆ ಒಂದು ಋತುವಿಗೆ, ಅದರ ಖರ್ಚು ಇನ್ನೊಂದು ಋತುವಿಗೆ. ಫುಕಾಸಾಕು ಕಿಂಜಿ 1994ರಲ್ಲಿ ಎರಡನ್ನೂ ಮತ್ತೆ ಒಂದೇ ಚಿತ್ರದಲ್ಲಿ ಸೇರಿಸಿದ. ಆ ಧೈರ್ಯಕ್ಕಾಗಿ ಅವನನ್ನು ಗೌರವಿಸುತ್ತೇನೆ. ಆದರೆ ಎರಡು ಗಂಟೆಯ ಚಿತ್ರದಲ್ಲಿ ಒಂದು ಕತೆ ಇನ್ನೊಂದನ್ನು ನುಂಗದೆ ಇರಲಾರದು. ನಾನ್‌ಬೊಕು ಕೇಳಿದ್ದು ಎರಡು ಪೂರ್ತಿ ದಿನ, ಎರಡೂ ಕತೆಗಳು ಒಂದನ್ನೊಂದು ಕಾಯುತ್ತ, ಒಂದರ ವೀರ ಇನ್ನೊಂದರ ಬಾಗಿಲಿನ ಮುಂದೆ ಹಾಯ್ದು ಹೋಗುವ ಹಾಗೆ. ಟೋಕಿಯೋದ ರಾಷ್ಟ್ರೀಯ ರಂಗಭೂಮಿಯಂಥ ಸಂಸ್ಥೆಗೆ ಅದನ್ನು ಮಾಡುವ ಶಕ್ತಿಯಿದೆ, ನಟರಿದ್ದಾರೆ, ಪಠ್ಯವಿದೆ. ಹಾಗೆ ಆಡಿದ್ದನ್ನು ಇಡಿಯಾಗಿ ನೋಡಿ ಬಂದವರು ಜಪಾನಿನ ಜನಪ್ರಿಯ ಕಲೆ ನಿಷ್ಠೆಯನ್ನು ಬೋಧಿಸಿತೆಂದು ಮತ್ತೆ ಬರೆದರೆ, ಅವರ ಜೊತೆ ವಾದಕ್ಕೆ ಕೂರಲು ನಾನು ಸಿದ್ಧ.